ಅಡಿಕೆ ಮೊದಲು, ಮಾತು ಆಮೇಲೆ

ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೆಯ ತರಗತಿಗೆ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ತೂಕದ ಪಾಠಕ್ಕೆಂದು ಒಂದು ಬುಟ್ಟಿ ಚಾಲಿ ಅಡಿಕೆ, ಅಂದರೆ ಒಣಗಿಸಿ ಸುಲಿದ ಅಡಿಕೆ, ಒಯ್ದಿದ್ದೆ. ಒಂದನ್ನು ಎತ್ತಿ ಹಿಡಿದು “ಇದು ಅಡಿಕೆ, ಇದು ದುಂಡಗಿದೆ, ಇದು ಗಟ್ಟಿಯಾಗಿದೆ” ಎಂದೆ. ಮಕ್ಕಳು ಒಕ್ಕೊರಲಿನಿಂದ ಅದನ್ನೇ ಹೇಳಿದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಮಾತ್ರ “ಅದು ಕೋಕಾ, ಟೀಚರ್” ಎಂದ. ನನ್ನ ಕೈಯಲ್ಲಿದ್ದದ್ದು ಕೆಳದರ್ಜೆಯ ಅಡಿಕೆ ಎಂದು ತಿಳಿಯಲು ತೋಟದ ಮನೆಯ ಆ ಮಗುವಿಗೆ ಒಂದು ನೋಟ ಸಾಕಾಗಿತ್ತು. “ಸುಮ್ಮನಿರು” ಎಂದು ಪಾಠ ಮುಂದುವರಿಸಿದೆ. ಪಾಠದ ಯೋಜನೆ ಬರೆದಿಡುವ ಟೀಚಿಂಗ್ ಮ್ಯಾನುವಲ್‌ನಲ್ಲಿ ಚಟುವಟಿಕೆ ಮುಗಿಯಿತೆಂದು ಬರೆದೆ.

ಆಗ ನಾನು ಸ್ವಿಟ್ಜರ್ಲೆಂಡಿನ ಶಿಕ್ಷಣತಜ್ಞ ಪೆಸ್ಟಲೋಜಿಯನ್ನು ಮತ್ತೆ ಓದುತ್ತಿದ್ದೆ. ತರಬೇತಿಯ ಕಾಲದಲ್ಲಿ ಪರೀಕ್ಷೆಗೆಂದು ಕಂಠಪಾಠ ಮಾಡಿದ್ದ ಹೆಸರು ಅದು. 1799ರಲ್ಲಿ ಅಲ್ಲಿನ ಸ್ಟಾನ್ಸ್ ಎಂಬ ಊರಿನಲ್ಲಿ, ಯುದ್ಧದಿಂದ ಅನಾಥರಾದ ಮಕ್ಕಳಿಗೆ ಆತ ಕಲಿಸಿದ್ದು ಪುಸ್ತಕಗಳ ಆಸರೆಯಿಲ್ಲದೆ. ಮಗು ಮೊದಲು ಕಣ್ಣಾರೆ ಕಾಣಬೇಕು, ಕೈಯಾರೆ ಮುಟ್ಟಬೇಕು, ಶಬ್ದ ಅದರ ಹಿಂದೆ ಬರಬೇಕು ಎಂಬ ಅವನ ನಂಬಿಕೆ ಗಟ್ಟಿಯಾದದ್ದು ಇಂಥ ಕಷ್ಟಗಳ ನಡುವೆ. ಮುಂದೆ ಅದೇ ದೇಶದ ಇವೆರ್ದೋನ್ ಪಟ್ಟಣದ ಅವನ ಶಾಲೆಗೆ ಯುರೋಪಿನ ನಾನಾ ಕಡೆಗಳಿಂದ ಜನ ಬಂದರು. 1808ರಿಂದ 1810ರವರೆಗೆ ಅಲ್ಲಿದ್ದ ಜರ್ಮನ್ ಶಿಕ್ಷಕ ಫ್ರೋಬೆಲ್, 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗ್‌ನಲ್ಲಿ ಎಳೆಯರಿಗಾಗಿ ತೆರೆದ ಸಂಸ್ಥೆಯೇ ಕಿಂಡರ್‌ಗಾರ್ಟನ್ ಆಯಿತು.

ನನ್ನನ್ನು ತಟ್ಟಿದ್ದು ಇಂಗ್ಲೆಂಡಿನ ಕಥೆ. ಇವೆರ್ದೋನಿಗೆ ಹೋಗಿಬಂದ ಚಾರ್ಲ್ಸ್ ಮೇಯೊ ಅವರ ತಂಗಿ ಎಲಿಜಬೆತ್ ಮೇಯೊ ಶಿಕ್ಷಕರಿಗಾಗಿ ವಸ್ತುಪಾಠಗಳನ್ನು, ಅಂದರೆ ಒಂದು ವಸ್ತುವನ್ನು ತೋರಿಸಿ ಕಲಿಸುವ ಪಾಠಗಳನ್ನು, ಬರೆದರು. ಮೊದಲ ಪಾಠ ಗಾಜಿನದು. ಆಶಯ ಒಳ್ಳೆಯದೇ ಇತ್ತು. ಆದರೆ ಕಾಲ ಕಳೆದಂತೆ ಅನೇಕ ತರಗತಿಗಳಲ್ಲಿ ವಸ್ತು ನೆಪಕ್ಕೆ ಉಳಿಯಿತು, ಅದರ ಗುಣಗಳ ಪಟ್ಟಿ ಬಾಯಿಪಾಠವಾಯಿತು. ಅದನ್ನು ಓದಿದಾಗ ನನ್ನ ಮುಖ ಬಿಸಿಯಾಯಿತು. ಅಡಿಕೆ ಹಿಡಿದು ನಾನು ಮಾಡಿದ್ದೂ ಅದನ್ನೇ.

ನಮ್ಮ ಜಿಲ್ಲೆಗೆ ಈ ವಿಚಾರ ಹೊಸದಲ್ಲ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ (ಡಿಪಿಇಪಿ) ಕೇರಳಕ್ಕೆ ಬಂದಾಗ ಮೊದಲ ಹಂತದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಚಟುವಟಿಕೆ ಆಧಾರಿತ ಕಲಿಕೆ ಇಲ್ಲಿ ಬೇರೂರಿದ್ದು ಆ ವರ್ಷಗಳಲ್ಲಿ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಸುಧಾರಣೆ ಬಂದಿತ್ತು. ನನ್ನ ತರಗತಿಯಲ್ಲಿ ಅದರ ಹೆಸರು ಮಾತ್ರ ಇತ್ತು.

ಮರುವಾರ ಬುಟ್ಟಿಯನ್ನು ನೆಲದ ಮೇಲೆ ಸುರಿದೆ. “ನಿಮಗೆ ಕಂಡಂತೆ ವಿಂಗಡಿಸಿ” ಎಂದಷ್ಟೇ ಹೇಳಿ ಗೋಡೆಯ ಬಳಿ ಕುಳಿತೆ. ಸುಮ್ಮನೆ ಕುಳಿತುಕೊಳ್ಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಕೆಲವರು ಗಾತ್ರ ನೋಡಿದರು, ಕೆಲವರು ಬಣ್ಣ. ಹಿಂದಿನ ಬೆಂಚಿನ ಹುಡುಗ ಪಟೋರ, ಉಳ್ಳಿ, ಕೋಕಾ, ಕರಿಗೋಟು ಎಂದು ದರ್ಜೆವಾರು ರಾಶಿ ಮಾಡಿ ಇತರರಿಗೆ ತೋರಿಸಿಕೊಟ್ಟ. ಹೆಸರು ಕೇಳಿದಾಗ ತುಳು ಮನೆಯ ಮಗು ಬಜ್ಜೆಯಿ ಎಂದಿತು, ಹವ್ಯಕರ ಮನೆಯದು ಅಡಕ್ಕೆ, ಮಲಯಾಳಂ ಮನೆಯದು ಅಡಕ್ಕ. ಎಲ್ಲವನ್ನೂ ಬೋರ್ಡಿನಲ್ಲಿ ಬರೆದು ಕೊನೆಗೆ ‘ಅಡಿಕೆ’ ಎಂದು ಬರೆದೆ. ಆ ದಿನ ಆ ಕನ್ನಡ ಶಬ್ದವನ್ನು ಯಾರೂ ಉರು ಹೊಡೆಯಬೇಕಾಗಲಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. “ಅಡಿಕೆ ಹೆಕ್ಕಲು ಮನೆಯಲ್ಲೇ ಇದೆಯಲ್ಲ ಟೀಚರ್, ಶಾಲೆಗೆ ಯಾಕೆ ಕಳುಹಿಸಬೇಕು?” ಎಂದು ಒಬ್ಬ ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಹೆಕ್ಕಿದ್ದನ್ನು ಇಲ್ಲಿ ಎಣಿಸಿ, ತೂಗಿ, ಬರೆದಿಡುತ್ತಾರೆ ಎಂದು ಹೇಳಿ, ಅವರನ್ನೇ ತರಗತಿಗೆ ಕರೆದೆ.

ಅವರು ಬಂದ ದಿನ ಪಕ್ಕದ ಅಂಗಡಿಯಿಂದ ತಕ್ಕಡಿ ತಂದಿದ್ದೆವು. ಒಂದು ಕಿಲೋ ತೂಗಲು ಒಂದು ಗುಂಪಿಗೆ 118 ಅಡಿಕೆ ಬೇಕಾಯಿತು, ಇನ್ನೊಂದಕ್ಕೆ 131. ಯಾರ ಎಣಿಕೆ ತಪ್ಪು ಎಂದು ಜಗಳ ಹತ್ತಿತು. ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು, ಹೇಳಲಿಲ್ಲ. ಆ ತಾಯಿ ಎರಡೂ ರಾಶಿಗಳಿಂದ ಒಂದೊಂದು ಅಡಿಕೆ ತೆಗೆದು ಮಕ್ಕಳ ಅಂಗೈಯಲ್ಲಿಟ್ಟು, “ನೋಡಿ ಹೇಳಿ” ಎಂದರು.