ಕೆನೆಯಂಥ ಕಪ್ಪು ಬಿಯರನ್ನು ಸವಿದು ನೋಡುವ ಬಗೆ

ಬೆಂಗಳೂರಿನಿಂದ ಸ್ಟೌಟ್ ಎಂಬ ಕಪ್ಪು ಬಿಯರನ್ನು ತರಿಸಿಕೊಳ್ಳುವ ದಾವಣಗೆರೆಯ ಗೆಳೆಯರಲ್ಲಿ ಒಂದು ವಿನಂತಿ: ನಮ್ಮ ಬಿಸಿಲು ಎಷ್ಟೇ ಇರಲಿ, ಅದನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯಬೇಡಿ. ಅತಿಯಾದ ತಂಪು ಪರಿಮಳವನ್ನು ಅಡಗಿಸಿಬಿಡುವುದರಿಂದ, 10ರಿಂದ 13 ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೆ ಸ್ವಲ್ಪ ಹೊತ್ತು ಹೊರಗಿಟ್ಟು, ಜಿಡ್ಡಿಲ್ಲದ ಗಾಜಿನ ಲೋಟಕ್ಕೆ ಸುರಿಯಿರಿ. ಲೋಟದಲ್ಲಿ ಎಣ್ಣೆಯ ಪಸೆಯಿದ್ದರೆ ನೊರೆ ನಿಲ್ಲುವುದಿಲ್ಲ. ನಾನು ಬಹಳ ದಿನ ಆ ತಪ್ಪನ್ನು ಬಿಯರಿನ ಮೇಲೆಯೇ ಹೊರಿಸುತ್ತಿದ್ದೆ.

ಕಪ್ಪು ಬಣ್ಣವೂ ಕಾಫಿಯಂಥ ಕಹಿಯೂ ಹುರಿದ ಬಾರ್ಲಿಯಿಂದ ಬರುತ್ತವೆ. ಕೆನೆಯಂಥ ನುಣುಪು ಓಟ್ಸ್‌ನಿಂದಲೋ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನಿಂದಲೋ, ನೈಟ್ರೋಜನ್ನಿನ ಸಣ್ಣ ಗುಳ್ಳೆಗಳಿಂದಲೋ ಬರುವಂಥದ್ದು. ಆದ್ದರಿಂದ ಅದನ್ನು ಬಣ್ಣ ನೋಡಿ ನಿರ್ಧರಿಸದೆ, ಒಂದು ಗುಟುಕನ್ನು ನಾಲಿಗೆಯ ಮೇಲೆ ಕ್ಷಣಕಾಲ ನಿಲ್ಲಿಸಿ ಅರಿಯಬೇಕು.

ಒಂದು ಎಚ್ಚರಿಕೆ ನಮ್ಮೂರಿನವರಿಗೇ ವಿಶೇಷವಾಗಿ ಬೇಕು. ಬೆಣ್ಣೆದೋಸೆಯ ಹಂಚಿನಿಂದೇಳುವ ಘಮ ನಮಗೆ ಎಷ್ಟೇ ಪ್ರಿಯವಾದರೂ, ಸ್ಟೌಟಿನಲ್ಲಿ ಬೆಣ್ಣೆಯ ವಾಸನೆ ಎದ್ದು ಕಂಡರೆ ಅದು ಕೆನೆತನವಲ್ಲ, ಹುದುಗುವಿಕೆ ಸರಿಯಾಗಿ ಮುಗಿಯದೆ ಉಳಿದ ಡೈಅಸಿಟೈಲ್ ಎಂಬ ದೋಷ. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ತಗುಲಿ ಹಳಸಿದೆ ಎಂದರ್ಥ; ಸೆಖೆಯಲ್ಲಿ ಅದು ಬೇಗ ಆಗುವುದರಿಂದ, ಬಾಟಲಿಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಡದೆ ಐಸ್ ಪೆಟ್ಟಿಗೆಯಲ್ಲಿಟ್ಟು ತನ್ನಿ.