ಚಿಪ್ಪರ್‌ನ ಬೇರಿಂಗ್ ಬದಲಿಸಿದ್ದು

ಕೊಂಬೆ ಪುಡಿ ಮಾಡುವ ಚಿಪ್ಪರ್ ಖಾಲಿ ಓಡುವಾಗಲೂ ಗರಗರ ಎನ್ನತೊಡಗಿತ್ತು. ಬ್ಲೇಡ್ ಮೊಂಡಾಗಿದ್ದರೆ ಕೊಂಬೆ ಹಾಕಿದಾಗ ಮಾತ್ರ ಸದ್ದು ಬದಲಾಗಬೇಕು; ಹಾಗಾಗಿ ಅನುಮಾನ ಶಾಫ್ಟನ್ನು ಹಿಡಿದು ಸಲೀಸಾಗಿ ತಿರುಗಲು ಬಿಡುವ ಬೇರಿಂಗ್ ಮೇಲೆ ಹೋಯಿತು. ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿ, ಬೆಲ್ಟ್ ಬಿಚ್ಚಿ, ಬ್ಲೇಡ್ ಕೂತಿರುವ ಡ್ರಮ್ಮನ್ನು ಎತ್ತಿ ಅಲ್ಲಾಡಿಸಿದೆ. ಶಾಫ್ಟಿನ ಒಂದು ತುದಿ ಕಟಕಟ ಎಂದಿತು.

ಬೇರಿಂಗ್ ಕೂತಿರುವ ಕವಚ, ಅಂದರೆ ಹೌಸಿಂಗ್ ತೆರೆದರೆ ಗ್ರೀಸ್ ಕಪ್ಪಾಗಿ, ಮರದ ಹುಡಿಯೊಂದಿಗೆ ಬೆರೆತು ಗಟ್ಟಿಯಾಗಿತ್ತು; ರೋಲರ್‌ಗಳ ಮೈಮೇಲೆ ಸಣ್ಣ ಸಣ್ಣ ಕುಳಿಗಳು. ಬೇರಿಂಗನ್ನು ಹಿಡಿದೆಳೆಯುವ ಪುಲ್ಲರ್ ಹಾಕಿ ಎಳೆದೆ. ಸುತ್ತಿಗೆಯಿಂದ ಬಡಿದು ತೆಗೆಯುವವರಿದ್ದಾರೆ. ಅದು ಶಾಫ್ಟಿಗೆ ಮಾಡುವ ಅನ್ಯಾಯ. ಬೇರಿಂಗ್ ಮೇಲಿದ್ದ 22208 ಎಂಬ ಸಂಖ್ಯೆಯೇ ಅಳತೆ ಹೇಳುತ್ತದೆ: ಕೊನೆಯ 08ನ್ನು 5ರಿಂದ ಗುಣಿಸಿದರೆ ಒಳವ್ಯಾಸ, 40 ಮಿಲಿಮೀಟರ್.

ಹೊಸದನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದಾಗ ಶಾಫ್ಟಿನ ಮೇಲೆ ಸಲೀಸಾಗಿ ಜಾರಿತು. ಬಡಿದೇ ಕೂರಿಸಬೇಕೆಂದರೆ ಪೈಪಿನ ತುಂಡನ್ನು ಒಳ ರಿಂಗಿಗೆ ಮಾತ್ರ ಆನಿಸಬೇಕು. ಹೊರ ರಿಂಗಿಗೆ ಬಿದ್ದ ಪೆಟ್ಟು ರೋಲರ್‌ಗಳನ್ನೇ ಹಾಯ್ದು ಹೋಗುತ್ತದೆ. ಹೌಸಿಂಗಿನ ಖಾಲಿ ಜಾಗದ ಅರ್ಧಕ್ಕಿಂತ ಕಡಿಮೆ ಗ್ರೀಸ್ ತುಂಬಿದೆ, ಹೆಚ್ಚಾದರೆ ಗ್ರೀಸೇ ಕಡೆದು ಬಿಸಿಯಾಗುತ್ತದೆ. ಹುಡಿ ನುಗ್ಗಿದ್ದು ಹರಿದ ಸೀಲಿನಿಂದ, ಅದನ್ನೂ ಬದಲಿಸಿದೆ. ಈಗ ಅರ್ಧ ಗಂಟೆ ಓಡಿಸಿದ ಮೇಲೂ ಹೌಸಿಂಗ್ ಬೆಚ್ಚಗಿರುತ್ತದೆ, ಅಷ್ಟೇ.