ಇಳಿಜಾರಿನ ಓಟ: ವಾಚು ಕಾಣುವುದೆಷ್ಟು, ಟೇಪು ಕಾಣುವುದೆಷ್ಟು

ತೀರ್ಥಹಳ್ಳಿ ಬಳಿಯ ಕುಂದಾದ್ರಿ ಬೆಟ್ಟದ ನೆತ್ತಿಯ ಬಸದಿಯ ಕಡೆಗೆ ಹೋಗುವ ರಸ್ತೆಯಲ್ಲಿ ಓಟಗಾರರನ್ನು ಹತ್ತಿಸಿ ಇಳಿಸಿದರೆ, ಹತ್ತುವಾಗ 170ರ ಆಸುಪಾಸಿನಲ್ಲಿದ್ದ ನಾಡಿ ಇಳಿಯುವಾಗ 130ಕ್ಕೆ ಬರುತ್ತದೆ. ವಾಚು ಇಳಿಕೆಯನ್ನು ಸುಲಭದ ಓಟವೆಂದು ಬರೆದುಕೊಂಡು, ನಾಳೆಯೇ ಅಭ್ಯಾಸಕ್ಕೆ ಸಿದ್ಧ ಎನ್ನುತ್ತದೆ. ಮರುದಿನ ಬೆಳಿಗ್ಗೆ ಆ ಓಟಗಾರನಿಗೆ ಜಗಲಿಯ ಮೆಟ್ಟಿಲು ಇಳಿಯುವುದೇ ಕಷ್ಟ. ವಾಚಿನ ವಿಶ್ರಾಂತಿಯ ಲೆಕ್ಕ ಬಹುಪಾಲು ನಾಡಿಯ ಮೇಲೆ ನಿಂತಿದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಆ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕು, ಸ್ನಾಯುವಿನ ಎಳೆಗಳಿಗೆ ಬೀಳುವ ಪೆಟ್ಟು ಮಾತ್ರ ಹೆಚ್ಚು. ನೋವು 24ರಿಂದ 72 ಗಂಟೆಯೊಳಗೆ ತುದಿ ಮುಟ್ಟುತ್ತದೆ, ಜೊತೆಗೇ ಕೀಲು ಬಾಗುವ ಅಳತೆಯೂ ತಗ್ಗುತ್ತದೆ.

ಹಾಗಾಗಿ ನಾಡಿಗೆ ವಾಚು, ಸ್ನಾಯುವಿಗೆ ದರ್ಜಿಯ ಟೇಪು ಎಂದು ಕೆಲಸ ಹಂಚಿದ್ದೇನೆ. ಮೀನಖಂಡ, ಪಾದದ ಕೀಲು ಎಷ್ಟು ಬಿಗಿದಿವೆ ಎಂದು ನೋಡಲು, ಗೋಡೆಗೆ ತಾಗುವಂತೆ ನೆಲದ ಮೇಲೆ ಟೇಪು ಅಂಟಿಸಿ, ಬರಿಗಾಲಿನ ಹೆಬ್ಬೆರಳನ್ನು 10 ಸೆಂ.ಮೀ. ಗುರುತಿನಲ್ಲಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಬೇಕು. ಮುಟ್ಟಿದರೆ ಅರ್ಧ ಸೆಂ.ಮೀ. ಹಿಂದೆ ಸರಿದು ಮತ್ತೆ ನೋಡುವುದು, ಮುಟ್ಟದಿದ್ದರೆ ಮುಂದೆ. ಪ್ರತಿ ಕಾಲಿಗೆ ಮೂರು ಸಲ. 1 ಸೆಂ.ಮೀ. ಅಂದರೆ ಪಾದದ ಕೀಲಿನಲ್ಲಿ ಸುಮಾರು 3.6 ಡಿಗ್ರಿ. ತಪ್ಪುವುದು ಎರಡು ಕಡೆ: ಮಂಡಿ ಒಳಕ್ಕೆ ವಾಲಿದರೆ ಪಾದದ ಕಮಾನು ಕುಸಿದು ಅಳತೆ ಸುಳ್ಳಾಗಿ ಹೆಚ್ಚುತ್ತದೆ, ಹಾಗಾಗಿ ಮಂಡಿ ಎರಡನೇ ಬೆರಳಿನ ನೇರಕ್ಕೇ ಹೋಗಬೇಕು. ಹಿಮ್ಮಡಿ ಕೂದಲೆಳೆಯಷ್ಟು ಎದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದರಡಿ ಕಾಗದದ ಚೂರಿಟ್ಟು ಎಳೆದು ನೋಡಿ, ಜಾರಿ ಬಂದರೆ ಆ ಅಳತೆ ಬೇಡ. ದಿನವೂ ಒಂದೇ ಹೊತ್ತಿಗೆ, ಎದ್ದು ಅರ್ಧ ಗಂಟೆಯ ನಂತರ ಅಳೆಯುತ್ತೇನೆ. ಹಂಡೆಯ ಬಿಸಿನೀರಿನ ಸ್ನಾನವಾದ ಮೇಲೆ ಅಳೆದದ್ದನ್ನು ನಿನ್ನೆಯ ಬೆಳಗಿನ ಅಳತೆಗೆ ಹೋಲಿಸಬಾರದು. ಓಟಗಾರನ ಮಾಮೂಲಿ ಅಳತೆಗಿಂತ 1.5 ಸೆಂ.ಮೀ. ಕಡಿಮೆಯಾದರೆ, ವಾಚು ಏನೇ ಹೇಳಲಿ, ಆ ದಿನ ಇಳಿಜಾರು ಇಲ್ಲ.

ತೊಡೆಯ ಹಿಂಭಾಗದ ಸ್ನಾಯುವಾದ ಹ್ಯಾಮ್‌ಸ್ಟ್ರಿಂಗ್‌ಗೆ ಫೋನಿನ ಕೋನಮಾಪಕ ಸಾಕು. ಮಲಗಿ ತೊಡೆಯನ್ನು ನೆಟ್ಟಗೆ ನಿಲ್ಲಿಸಿ, ಮೊಣಕಾಲಿನ ಕೆಳಗೆ ಮುಂಭಾಗಕ್ಕೆ ಫೋನು ಕಟ್ಟಿ, ಕಾಲನ್ನು ತಾವೇ ಚಾಚಬೇಕು. ಪೂರ್ತಿ ನೇರವಾಗಲು 20 ಡಿಗ್ರಿಗಿಂತ ಹೆಚ್ಚು ಬಾಕಿ ಉಳಿದರೆ ಬಿಗಿ ಎಂದು ಬರೆದುಕೊಳ್ಳುತ್ತೇನೆ.

ನಾಡಿಗೆ ಎದೆಪಟ್ಟಿಯೇ ನನ್ನ ಆಯ್ಕೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಮಣಿಕಟ್ಟಿನ ವಾಚು ಹಸಿರು ಬೆಳಕು ಬಿಟ್ಟು ರಕ್ತದ ಹರಿವನ್ನು ಊಹಿಸುತ್ತದೆ. ಡಿಸೆಂಬರಿನ ಮಂಜಿನಲ್ಲಿ ಕೈ ತಣ್ಣಗಾಗಿ ಚರ್ಮದ ರಕ್ತನಾಳ ಕುಗ್ಗಿದರೆ ಆ ಊಹೆ ಕೆಡುತ್ತದೆ. ವಾಚಿನ ಪಟ್ಟಿ ಸಡಿಲವಿದ್ದರೆ ಅದು ನಾಡಿಯ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ: ನಿಧಾನದ ಓಟದಲ್ಲೂ ನಾಡಿ 170ಕ್ಕೆ ಅಂಟಿಕೊಂಡಿದ್ದರೆ ನಿಮಿಷದ ಹೆಜ್ಜೆ ಎಣಿಸಿ, ಎರಡೂ ಒಂದೇ ಆಗಿದ್ದರೆ ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿ ಮಾಡಿ. ಎದೆಪಟ್ಟಿಯನ್ನು ಒದ್ದೆ ಮಾಡಿಯೇ ಕಟ್ಟಬೇಕು, ಒಣಗಿದ್ದರೆ ಮೊದಲ ಹತ್ತು ನಿಮಿಷದ ಲೆಕ್ಕ ನೆಚ್ಚುವಂತಿಲ್ಲ. ಓಟ ಮುಗಿದೊಡನೆ ಗುಂಡಿಯಂಥ ಸೆನ್ಸರನ್ನು ಎದೆಪಟ್ಟಿಯಿಂದ ಬಿಡಿಸಿಡಿ. ಒದ್ದೆ ಪಟ್ಟಿಯಲ್ಲಿ ಬಿಟ್ಟರೆ ಅದು ಓಡುತ್ತಲೇ ಇದ್ದು ಸೆಲ್ ಬೇಗ ಮುಗಿಯುತ್ತದೆ.

ಎಡ–ಬಲ ಕಾಲು ನೆಲದಲ್ಲಿ ನಿಲ್ಲುವ ಹೊತ್ತನ್ನು ತೋರಿಸುವ ಸೆನ್ಸರ್‌ಗಳ ಮಾತಿಗೆ ಬಂದರೆ, 52–48 ಎಂದು ಕಂಡ ಕೂಡಲೇ ಸ್ನಾಯು ದುರ್ಬಲವೆಂದು ತೀರ್ಮಾನಿಸಬೇಡಿ. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳು ಅಂಚಿಗೆ ವಾಲಿರುತ್ತವೆ. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಒಂದೇ ದಿಕ್ಕಿಗೆ ಸುತ್ತಿದರೂ ತಿರುವಿನಲ್ಲಿ ವ್ಯತ್ಯಾಸ ಬರುತ್ತದೆ. ಹೋಗುವಾಗ, ಬರುವಾಗ ರಸ್ತೆಯ ಒಂದೇ ಅಂಚಿನಲ್ಲಿ ಓಡಿಸಿ ನೋಡಿ. ವ್ಯತ್ಯಾಸ ಕಾಲು ಬದಲಿಸಿದರೆ ಅದು ರಸ್ತೆಯದ್ದು, ಅದೇ ಕಾಲಿನಲ್ಲಿ ಉಳಿದರೆ ಗೋಡೆಯ ಪರೀಕ್ಷೆಗೆ ಕರೆಯಿರಿ.

ಮೀನಖಂಡಕ್ಕೆ ಹಾಕುವ ಬಿಗಿ ಸ್ಲೀವ್ ವೇಗ ಹೆಚ್ಚಿಸುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ. ಮರುದಿನದ ನೋವು ಸ್ವಲ್ಪ ತಗ್ಗಬಹುದು, ಅಷ್ಟೇ. ಅಳತೆಯನ್ನು ಬೆಳಿಗ್ಗೆ, ಕಾಲು ಊದಿಕೊಳ್ಳುವ ಮೊದಲೇ, ಮೀನಖಂಡ ಅತಿ ದಪ್ಪವಿರುವಲ್ಲಿ ತೆಗೆದುಕೊಳ್ಳಿ. ಪಾದ ಜುಮ್ಮೆಂದರೆ ಒಂದು ಅಳತೆ ದೊಡ್ಡದು ಬೇಕು. ಆಗುಂಬೆ ಕಡೆಯ ಮಳೆಗಾಲದಲ್ಲಿ ಒದ್ದೆ ಸ್ಲೀವ್ ಮಂಡಿಯ ಹಿಂದೆ ಚರ್ಮ ಕೆರೆಯುತ್ತದೆ, ಅದರ ಅಂಚಿನಲ್ಲಿ ಇಂಬಳವೂ ಸೇರಿಕೊಳ್ಳುತ್ತದೆ. ಓಟ ಮುಗಿದ ಕೂಡಲೇ ಕಳಚಿ. ವಾಚಿನ ಪಟ್ಟಿಯಡಿ ತೇವ ನಿಂತರೆ ಚರ್ಮ ಕೆಂಪಾಗಿ ತುರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ಬಿಟ್ಟು ದಿನ ಕೈ ಬದಲಿಸಿ.

ಸಾಧನ ಯಾವುದೇ ಇರಲಿ, ಸ್ನಾಯುವನ್ನು ಸಿದ್ಧಮಾಡುವುದು ಇಳಿಜಾರೇ. ಮೊದಲ ವಾರ 10 ನಿಮಿಷ ಮಾತ್ರ ಇಳಿಸುತ್ತೇನೆ. ಒಮ್ಮೆ ಸ್ವಲ್ಪ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ನೋಯುವುದಿಲ್ಲ. ಆಮೇಲೆ ವಾರಕ್ಕೆ 5 ನಿಮಿಷ ಹೆಚ್ಚಳ. ಓಟಕ್ಕೆ ಮೊದಲು ನಿಂತಲ್ಲೇ ಒಂದು ನಿಮಿಷ ಮೀರಿ ಎಳೆದು ಹಿಡಿಯುವ ಸ್ಟ್ರೆಚಿಂಗ್ ಬೇಡ, ಚಿಮ್ಮುವ ಶಕ್ತಿ ಕುಗ್ಗುತ್ತದೆ. ಸಂಜೆ 30 ಸೆಕೆಂಡಿನಂತೆ ಮೂರು ಸಲ ಸಾಕು. ಮೀನಖಂಡಕ್ಕೆ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿಟ್ಟು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವುದು, 15ರಂತೆ 3 ಸುತ್ತು. ಮಳೆಗಾಲದಲ್ಲಿ ಅಂಗಳದ ಜಂಬಿಟ್ಟಿಗೆ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಹೊಸ್ತಿಲ ಮೇಲೆ ನಿಲ್ಲಲು ಮನೆಯವರು ಬಿಡುವುದಿಲ್ಲ. ನಾಲ್ಕು ಇಂಚು ದಪ್ಪದ ಮರದ ತುಂಡನ್ನು ಗೋಡೆಗೆ ಒತ್ತಿಟ್ಟು ಅದರ ಮೇಲೆ ಮಾಡಿಸುತ್ತೇನೆ.